ದೀಪಕ್ಕೆ ಪಾಸಿಲ್ಲ

ಹೊಸ ಪಂಚಾಂಗ ಕೈಗೆ ಬಂದರೆ ಹಾಸನದ ಬೀದಿ ವ್ಯಾಪಾರಿ ಆಯ-ವ್ಯಯ ನೋಡುವುದಿಲ್ಲ, ರಾಶಿಫಲದ ಗೊಡವೆಗೂ ಹೋಗುವುದಿಲ್ಲ. ನೇರ ಆಶ್ವಯುಜದ ಪುಟ ತೆಗೆದು ಹುಣ್ಣಿಮೆ ಯಾವ ವಾರ ಬಿದ್ದಿದೆ ಎಂದು ನೋಡುತ್ತಾನೆ. ಹುಣ್ಣಿಮೆ ಕಳೆದು ಬರುವ ಮೊದಲ ಗುರುವಾರ ಹಾಸನಾಂಬೆಯ ಗರ್ಭಗುಡಿ ತೆರೆಯಬೇಕು, ಬಲಿಪಾಡ್ಯಮಿಯ ಮಾರನೇ ದಿನ ಮುಚ್ಚಬೇಕು. ವರ್ಷಕ್ಕೆ ಬಾಗಿಲು ತೆರೆಯುವುದು ಅದೊಂದೇ ಸಲ. ಮುಚ್ಚುವ ದಿನ ಹೆಚ್ಚುಕಡಿಮೆ ಗೊತ್ತಿದ್ದದ್ದೇ, ತೆರೆಯುವ ಗುರುವಾರ ಮಾತ್ರ ಆಟ ಆಡಿಸುತ್ತದೆ. ಹುಣ್ಣಿಮೆ ಗುರುವಾರದ ದಿನವೇ ಬಂದುಬಿಟ್ಟರೆ ಒಂದು ವಾರದ ವ್ಯಾಪಾರ ಹೋಯಿತು ಎಂದೇ ಲೆಕ್ಕ. 2024ರಲ್ಲಿ ಹಾಗೇ ಆಯಿತು. ಅಕ್ಟೋಬರ್ 17ರ ಗುರುವಾರ ಹುಣ್ಣಿಮೆ, ಬಾಗಿಲು ತೆರೆದದ್ದು 24ಕ್ಕೆ, ಮುಚ್ಚಿದ್ದು ನವೆಂಬರ್ 3ಕ್ಕೆ. ಎಲ್ಲ ಸೇರಿ 11 ದಿನ. ಮರುವರ್ಷ ಹುಣ್ಣಿಮೆ ಮಂಗಳವಾರಕ್ಕೇ ಮುಗಿದು, ಅಕ್ಟೋಬರ್ 9ಕ್ಕೆ ತೆರೆದ ಬಾಗಿಲು 23ರವರೆಗೆ ಇತ್ತು. 15 ದಿನ. ಇದರಲ್ಲಿ ಮೊದಲ ದಿನ, ಕೊನೆಯ ದಿನ ಸಾರ್ವಜನಿಕರಿಗೆ ದರ್ಶನವಿಲ್ಲ, ಅವನ್ನು ಕಳೆಯಬೇಕು. ಸರಕು ತರಲು ತಂದ ಸಾಲಕ್ಕೆ ಬಡ್ಡಿ ಮಾತ್ರ ಎರಡು ವರ್ಷಕ್ಕೂ ಒಂದೇ.

ಈಗ ಡಿಸೆಂಬರ್. ಟಿ.ವಿ. ಹಾಕಿದರೆ ಯಾವುದೋ ದೇಶದ ಚೌಕದಲ್ಲಿ ಜನ ಸೇರಿ, ಒಂದು ಎರಡು ಮೂರು ಎಂದು ಕೂಗಿ, ಕ್ರಿಸ್‌ಮಸ್ ಮರಕ್ಕೆ ದೀಪ ಹಾಕುವ ದೃಶ್ಯ. ಮರದ ಸುತ್ತ ಸಂತೆ. ಜರ್ಮನಿಯ ಡ್ರೆಸ್ಡನ್ನಿನಲ್ಲಿ ಇಂಥ ಸಂತೆ 1434ರಿಂದ ಇದೆ, ಫ್ರಾನ್ಸಿನ ಸ್ಟ್ರಾಸ್‌ಬರ್ಗಿನದು 1570ರಷ್ಟು ಹಳೆಯದು. ಲಂಡನ್ನಿನ ಟ್ರಫಾಲ್ಗರ್ ಚೌಕಕ್ಕೆ ಯುದ್ಧಕಾಲದ ಉಪಕಾರ ನೆನೆದು ನಾರ್ವೆಯವರು 1947ರಿಂದ ವರ್ಷಾವರ್ಷ ಒಂದು ಮರ ಕಳಿಸುತ್ತಾರೆ. ಮರಕ್ಕೆ ವಿದ್ಯುತ್ ದೀಪ ಕಟ್ಟುವ ಹುಚ್ಚು ಹತ್ತಿಸಿದವನು ಎಡಿಸನ್ನನ ಜೊತೆಗಾರ ಎಡ್ವರ್ಡ್ ಜಾನ್ಸನ್. 1882ರಲ್ಲಿ ನ್ಯೂಯಾರ್ಕಿನ ತನ್ನ ಮನೆಯ ಮರಕ್ಕೆ 80 ಬಣ್ಣದ ಬಲ್ಬು ಸುತ್ತಿದ್ದ. ಇದನ್ನೆಲ್ಲ ನಮ್ಮ ಕಡೆಯವರು ಮೊಬೈಲಿನಲ್ಲಿ ಬಾಯಿ ಬಿಟ್ಟುಕೊಂಡು ನೋಡುವಾಗ ನನಗೆ ನಗು ಬರುತ್ತದೆ. ಎರಡು ತಿಂಗಳ ಕೆಳಗೆ ಇವರೇ ಹಾಸನದ ಬಿ.ಎಂ. ರಸ್ತೆಯಲ್ಲಿ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಇದನ್ನೇ ತಾನೆ ನೋಡಿದ್ದು. ಮರವೊಂದಿರಲಿಲ್ಲ, ಅಷ್ಟೆ.

2011ರ ಜನಗಣತಿಯಲ್ಲಿ ಹಾಸನ ನಗರಸಭೆಯ ಜನಸಂಖ್ಯೆ 1.33 ಲಕ್ಷ. ಈಗ ಬಡಾವಣೆಗಳು ಬೆಳೆದು ಇನ್ನಷ್ಟಾಗಿರಬಹುದು. 2025ರ ಆ ಎರಡು ವಾರದಲ್ಲಿ ದೇವಿಯ ದರ್ಶನಕ್ಕೆ ಬಂದವರು 20 ಲಕ್ಷ ದಾಟಿದರು. ಇಷ್ಟು ಸಣ್ಣ ಊರು ಇಷ್ಟು ಜನರನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದು ಹೇಗೆ? ನೋಡಿದವರಿಗೆ ಗೊತ್ತು. ಇಟ್ಟುಕೊಳ್ಳುವುದಿಲ್ಲ, ಊರೇ ಹೊರಕ್ಕೆ ಉಕ್ಕುತ್ತದೆ.

ಕತೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ, ಹಾಸನದವರಿಗೆ ಹೊಸದೇನಲ್ಲ. ಸಪ್ತಮಾತೃಕೆಯರು ಕಾಶಿಯಿಂದ ದಕ್ಷಿಣಕ್ಕೆ ಬಂದರು. ವೈಷ್ಣವಿ, ಮಾಹೇಶ್ವರಿ, ಕೌಮಾರಿ ಇಲ್ಲಿ ಹುತ್ತದ ರೂಪದಲ್ಲಿ ನಿಂತರು, ಬ್ರಾಹ್ಮಿ ಆಲೂರು ತಾಲ್ಲೂಕಿನ ಕೆಂಚಮ್ಮನ ಹೊಸಕೋಟೆಗೆ ಹೋದಳು, ಉಳಿದ ಮೂವರು ಊರೊಳಗಿನ ದೇವಿಗೆರೆಯಲ್ಲಿ ನೆಲೆಯಾದರು. ಪಾಳೇಗಾರ ಕೃಷ್ಣಪ್ಪನಾಯಕನ ಎದುರು ಮೊಲವೊಂದು ಊರೊಳಗೆ ನುಗ್ಗಿ, ಅವನು ಅಪಶಕುನವೆಂದು ಅಂಜಿದಾಗ ದೇವಿಯೇ ಕಾಣಿಸಿಕೊಂಡು ಕೋಟೆ ಕಟ್ಟಲು ಹೇಳಿದಳೆಂಬ ಐತಿಹ್ಯವೂ ಇದೆ. ಗುಡಿಯ ಆವರಣದಲ್ಲಿ ಸೊಸೆಕಲ್ಲು ಇದೆ, ಕಳ್ಳಪ್ಪನ ಗುಡಿ ಇದೆ. ಸೊಸೆಕಲ್ಲು ವರ್ಷಕ್ಕೆ ಅಕ್ಕಿಕಾಳಿನಷ್ಟು ದೇವಿಯ ಕಡೆ ಸರಿಯುತ್ತದೆ, ದೇವಿಯ ಪಾದ ಮುಟ್ಟಿದ ದಿನ ಕಲಿಯುಗ ಮುಗಿಯುತ್ತದೆ ಎಂದು ನಮ್ಮಜ್ಜಿಯಂದಿರು ಹೇಳುತ್ತಿದ್ದರು. ಅತ್ತೆ ಸೊಸೆ ಇರುವ ಮನೆಗಳಲ್ಲಿ ಈ ಕತೆಗೆ ಇನ್ನೂ ನಾಲ್ಕಾರು ಪಾಠಾಂತರಗಳಿವೆ, ಅವು ಅಚ್ಚಿಗೆ ಬೇಡ.

ಬಾಗಿಲು ತೆರೆಯುವ ಕ್ರಮ ನೋಡುವಂಥದ್ದು. ಜಿಲ್ಲಾ ಖಜಾನೆಯಲ್ಲಿ ಇಟ್ಟಿರುವ ದೇವಿಯ ಒಡವೆಗಳು ಮೆರವಣಿಗೆಯಲ್ಲಿ ಗುಡಿಗೆ ಬರುತ್ತವೆ. ಜಿಲ್ಲಾಧಿಕಾರಿ, ಆಡಳಿತಾಧಿಕಾರಿಯಾದ ಉಪವಿಭಾಗಾಧಿಕಾರಿ, ತಹಶೀಲ್ದಾರ್, ಶಾಸಕರು ಎಲ್ಲ ಸೇರಿರುತ್ತಾರೆ. ಅರಸು ವಂಶದವರು ನೆಟ್ಟ ಬಾಳೆಕಂದನ್ನು ಕತ್ತಿಯಿಂದ ಕಡಿದ ಮೇಲೆಯೇ ಬಾಗಿಲು. ವರ್ಷವಿಡೀ ಕತ್ತಲಲ್ಲಿದ್ದ ದೇವಿಯ ಮೊದಲ ನೋಟ ಮನುಷ್ಯರ ಮೇಲೆ ನೇರ ಬೀಳಬಾರದು, ಬಾಳೆಯ ಮೇಲೆ ಬೀಳಲಿ ಎಂಬ ನಂಬಿಕೆ. ಸರ್ಕಾರದ ಬೀಗ, ಅರಸರ ಕತ್ತಿ, ಅರ್ಚಕರ ಮಂತ್ರ ಮೂರೂ ಕೂಡದೆ ಆ ಬಾಗಿಲು ತೆರೆಯುವುದಿಲ್ಲ.

ಒಳಗೆ ಒಂದು ದೀಪ. ಹಿಂದಿನ ವರ್ಷ ಮುಚ್ಚುವಾಗ ಹಚ್ಚಿಟ್ಟ ದೀಪ ಆರಿರುವುದಿಲ್ಲ, ಇಟ್ಟ ಹೂ ಬಾಡಿರುವುದಿಲ್ಲ, ನೈವೇದ್ಯ ಹಳಸಿರುವುದಿಲ್ಲ ಎಂಬುದು ಭಕ್ತರ ನಂಬಿಕೆ. ಇದರ ನಿಜ ಬಯಲಾಗಲಿ ಎಂದು ಪ್ರಗತಿಪರ ಸಂಘಟನೆಗಳು ಜಿಲ್ಲಾಡಳಿತಕ್ಕೆ ಮನವಿ ಕೊಟ್ಟದ್ದೂ ಉಂಟು. ಆ ವಾದಕ್ಕೆ ನಾನು ಹೋಗುವುದಿಲ್ಲ. ನನ್ನ ಆಸಕ್ತಿ ಇನ್ನೊಂದು ದೀಪದಲ್ಲಿದೆ. ಏಣಿ ಹತ್ತಿ ಕಟ್ಟುವ, ಮಳೆ ಬಂದರೆ ಆರುವ, ಒಂದು ಬಲ್ಬು ಹೋದರೆ ಹತ್ತು ಜನ ಬೈಯುವ ದೀಪ. ಪವಾಡ ಯಾವುದೂ ಇಲ್ಲದೆ ಪ್ರತಿವರ್ಷ ಉರಿಯುವ ಈ ದೀಪದ ಬಗ್ಗೆ ಬರೆದವರು ಕಡಿಮೆ.

ಬಾಗಿಲು ತೆರೆಯುವ ಒಂದು ವಾರದ ಮುಂಚೆಯೇ ಕೆಲಸ ಶುರು. ಎನ್.ಆರ್. ವೃತ್ತ, ಹೇಮಾವತಿ ಪ್ರತಿಮೆ ವೃತ್ತ, ಬಿ.ಎಂ. ರಸ್ತೆ, ಸಾಲಗಾಮೆ ರಸ್ತೆ, ಆ ಕಡೆ ಡೈರಿ ವೃತ್ತದವರೆಗೂ ಸರ್ವೆ ಗಳಗಳ ಕಮಾನು ಏಳುತ್ತದೆ. ಹಾಸನ ಜಿಲ್ಲೆ ಮೈಸೂರಿನ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ವ್ಯಾಪ್ತಿಗೆ ಸೇರಿದ್ದು. ದಸರೆಗೆ ಮೈಸೂರಿನಲ್ಲಿ ದೀಪ ಹಾಕಿಸಿದವರೇ ಹಾಸನದ ದೀಪಕ್ಕೂ ಕೈ ಹಾಕುವುದರಿಂದ ಇಲ್ಲಿನ ನವಿಲು, ಆನೆ, ಅಂಬಾರಿ ಅಲ್ಲಿಯ ನೆಂಟರ ಹಾಗೇ ಕಾಣುತ್ತವೆ. ನನಗೆ ಇದರಲ್ಲಿ ಒಂದು ತಕರಾರಿದೆ. ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಮೂರನ್ನೂ ಹೊತ್ತ ಜಿಲ್ಲೆ ಇದು. ಒಂದು ಹೊಯ್ಸಳ ಶಿಲಾಬಾಲಿಕೆಯನ್ನು ನೆಟ್ಟಗೆ ದೀಪದಲ್ಲಿ ಬಿಡಿಸಲು ಯಾರಿಗಾದರೂ ಒಂದು ತಿಂಗಳು ಮುಂಚೆ ಹೇಳಬಾರದೆ? ಕೊನೆಗಳಿಗೆಯಲ್ಲಿ ಯಾವ ಚೌಕಟ್ಟು ಗೋದಾಮಿನಲ್ಲಿದೆಯೋ ಅದೇ ಬರುತ್ತದೆ.

ಸೀರಿಯಲ್ ಸೆಟ್ ಕಟ್ಟುವ ಹಳಬರೊಬ್ಬರು ನನಗೆ ಪರಿಚಯ. ಸಂತೆಪೇಟೆ ಕಡೆಯವರು. ಹಿಂದಿನ ಸೆಟ್ಟಿನ ಕತೆಯನ್ನು ಅವರ ಬಾಯಲ್ಲೇ ಕೇಳಬೇಕು. ಆಗ ಆರು ವೋಲ್ಟಿನ ಸಣ್ಣ ಬಲ್ಬುಗಳು. ಮನೆಯ ಕರೆಂಟು 230 ವೋಲ್ಟು, ಹಾಗಾಗಿ 38-40 ಬಲ್ಬನ್ನು ಒಂದರ ಹಿಂದೆ ಒಂದು ಸೇರಿಸಿದರೆ ಸರಿಹೋಗುತ್ತಿತ್ತು. ಲೆಕ್ಕ ಸರಿ, ಪಾಡು ಮಾತ್ರ ಬೇಡ. ಒಂದು ಬಲ್ಬು ಸುಟ್ಟರೆ ಇಡೀ ಸಾಲು ಕತ್ತಲು, ಸುಟ್ಟದ್ದು ಯಾವುದೆಂದು ಗೊತ್ತಾಗುವುದಿಲ್ಲ. ಹುಡುಗನೊಬ್ಬ ಜೇಬಿನಲ್ಲಿ ಒಂದು ಒಳ್ಳೆ ಬಲ್ಬು ಇಟ್ಟುಕೊಂಡು ಏಣಿ ಹತ್ತಿ, ಮೇಲಿಂದ ಒಂದೊಂದನ್ನೇ ಬಿಚ್ಚಿ ಆ ಜಾಗಕ್ಕೆ ಇದನ್ನು ಹಾಕಿ ನೋಡುತ್ತ ಇಳಿಯಬೇಕು. ಕೆಳಗೆ ನಿಂತವನು "ಬಂತು!" ಎಂದು ಕೂಗುವವರೆಗೂ. ಬಣ್ಣ ಬೇಕೆಂದರೆ ಬಲ್ಬನ್ನು ಬಣ್ಣದಲ್ಲಿ ಅದ್ದಿ ಹಗ್ಗಕ್ಕೆ ನೇತುಹಾಕಿ ಒಣಗಿಸುವುದು. ಕೆಂಪು ಬಣ್ಣ ಬೇಗ ಸಿಪ್ಪೆ ಏಳುತ್ತಿತ್ತಂತೆ. ಎಲ್‌ಇಡಿ ಬಂದ ಮೇಲೆ ಬಣ್ಣ ಅದ್ದುವುದು ನಿಂತಿತು, ಕರೆಂಟಿನ ಖರ್ಚು ಇಳಿಯಿತು, ಸೆಟ್ಟು ಮುಂಚಿನದಕ್ಕಿಂತ ಹಗುರ. ಆದರೆ ಹಾಳಾದರೆ ರಿಪೇರಿ ಇಲ್ಲ, ಬಿಸಾಡಿ ಹೊಸದು ತರುವುದು.

"ಈಗ ಕೆಲಸ ಸಲೀಸು ಸಾರ್" ಎಂದರು ಅವರು, "ಮಳೆ ಬಂದ್ರೆ ಮಾತ್ರ ಎದೆ ಹೊಡ್ಕೊತದೆ. ಕಬ್ಬಿಣದ ಕಂಬಕ್ಕೆ ತಂತಿ ತಾಗ್ಸಬ್ಯಾಡ್ರೋ ಅಂತ ಹುಡುಗರಿಗೆ ಹೇಳಿ ಹೇಳಿ ಸಾಕಾಗೋಗದೆ."

ಅವರ ಅಂಜಿಕೆ ಸುಮ್ಮನೆ ಅಲ್ಲ. ಆಶ್ವಯುಜ ಹಿಂಗಾರಿನ ಕಾಲ, ಹಾಸನದಲ್ಲಿ ಮಳೆ ಇಲ್ಲದ ದೀಪಾವಳಿ ಅಪರೂಪ. 2023ರ ನವೆಂಬರ್ 10ರಂದು ದರ್ಶನದ ಸರದಿ ಸಾಲಿನ ಬಳಿಯೇ ವಿದ್ಯುತ್ ಹರಿದು, ಶಾಕ್ ಹೊಡೆದ ಗಾಬರಿಗೆ ಜನ ಒಬ್ಬರ ಮೇಲೊಬ್ಬರು ಬಿದ್ದು, ಹಲವರು ಆಸ್ಪತ್ರೆ ಸೇರಿದರು. ಸಾಲು ನಿಲ್ಲಿಸಲು ಕಬ್ಬಿಣದ ತಡೆಬೇಲಿ, ಅದರ ಮಗ್ಗುಲಲ್ಲೇ ತಂತಿ, ಕೆಳಗೆ ಒದ್ದೆ ನೆಲ, ಬರಿಗಾಲಿನ ಭಕ್ತರು. ಇವು ನಾಲ್ಕೂ ಒಟ್ಟಿಗೆ ಸೇರುವ ಜಾಗ ಊರಲ್ಲಿ ಬೇರೆ ಇಲ್ಲ. ಲಕ್ಷಾಂತರ ದೀಪ ಹಾಕಿದೆವೆಂದು ಪತ್ರಿಕಾಗೋಷ್ಠಿ ಕರೆಯುವಾಗ ಎಷ್ಟು ಕಡೆ ಭೂಸಂಪರ್ಕ ಪರೀಕ್ಷಿಸಿದೆವು, ತಂತಿ ಸೋರಿದರೆ ತಾನಾಗಿ ಕಡಿದುಕೊಳ್ಳುವ ಸ್ವಿಚ್ಚು ಎಲ್ಲೆಲ್ಲಿ ಕೂರಿಸಿದೆವು ಎಂಬುದನ್ನೂ ಜೊತೆಗೆ ಹೇಳಿದರೆ ಒಳ್ಳೆಯದು.

ಇನ್ನು ಸಂತೆ. ಹಾಸನಾಂಬ ಸಂತೆಗೆ ಒಂದು ಮೈದಾನವಿಲ್ಲ, ಗುಡಿಗೆ ಹೋಗುವ ಬೀದಿಗಳೇ ಸಂತೆ. ಮೊದಲು ಸಿಗುವುದು ಮಡಿಲು ತುಂಬುವ ಸಾಮಾನಿನ ಅಂಗಡಿ. ಹಾಸನಾಂಬೆಯನ್ನು ಇಲ್ಲಿಯ ಹೆಂಗಸರು ಮನೆಮಗಳ ಹಾಗೆ ಕಾಣುತ್ತಾರೆ. ವರ್ಷಕ್ಕೊಮ್ಮೆ ಮುಖ ತೋರಿಸುವ ಮಗಳಿಗೆ ಬರಿಗೈಲಿ ಹೋಗುವುದುಂಟೆ? ಮಡಿಲಕ್ಕಿ, ಕಾಯಿ, ಎಲೆ ಅಡಿಕೆ, ಅರಿಶಿನ ಕುಂಕುಮ, ರವಿಕೆ ಕಣ, ಹಸಿರು ಬಳೆ. ಈ ಎಲ್ಲವನ್ನೂ ಪ್ಲಾಸ್ಟಿಕ್ ತಟ್ಟೆಯಲ್ಲಿ ಜೋಡಿಸಿ ಹಾಳೆ ಸುತ್ತಿಟ್ಟ ಸಿದ್ಧ ಪೊಟ್ಟಣ ಈಚಿನದು. ಅದರೊಳಗಿನ ರವಿಕೆ ಕಣವನ್ನು ಹೊಲಿಸಿದವರನ್ನು ನಾನು ಕಂಡಿಲ್ಲ. ಅದು ಗುಡಿಗೆ ಹೋಗುತ್ತದೆ, ಅಷ್ಟಕ್ಕೇ ಸಾಕೆಂದು ಮಾಡಿದ ಬಟ್ಟೆ. ಹಳೆಯ ಹೆಂಗಸರು ಪೊಟ್ಟಣ ಮುಟ್ಟುವುದಿಲ್ಲ. ಕಣವನ್ನು ಬೆಳಕಿಗೆ ಹಿಡಿದು ನೋಡಿ, ಬೇರೆ ಕೊಡಪ್ಪ ಎನ್ನುತ್ತಾರೆ.

ಬಳೆ ಅಂಗಡಿಯ ಮುಂದೆ ನಿಂತರೆ ಹೊತ್ತು ಹೋಗುವುದು ತಿಳಿಯುವುದಿಲ್ಲ. ಹಿಂದೆ ಬಳೆಗಾರ ಮಲಾರ ಹೊತ್ತು ಮನೆ ಬಾಗಿಲಿಗೆ ಬರುತ್ತಿದ್ದ, ಈಗ ಜಾತ್ರೆಯಲ್ಲಿ ಮಾತ್ರ ಕೂತು ಬಳೆ ತೊಡಿಸುವವರು ಸಿಗುತ್ತಾರೆ. ಅಂಗಡಿಯ ಹೆಂಗಸು ಬಂದವಳ ಕೈ ಹಿಡಿದು ಒಮ್ಮೆ ಒತ್ತಿ, ಅಳತೆ ಕೇಳದೆಯೇ ಒಂದು ಕಟ್ಟು ಎಳೆಯುತ್ತಾಳೆ. "ಅಕ್ಕ, ಕೈ ಬಿಗಿ ಹಿಡೀಬ್ಯಾಡಿ, ಸಡ್ಲ ಬಿಡಿ." ಹೆಬ್ಬೆರಳನ್ನು ಅಂಗೈಗೆ ಮಡಿಸಿ, ಗೆಣ್ಣುಗಳನ್ನು ಒತ್ತಿಕೊಂಡು, ಬಳೆಯನ್ನು ಓರೆ ಮಾಡಿ ತಿರುಗಿಸುತ್ತಾಳೆ. ಕಿರಿಬೆರಳ ಗೆಣ್ಣು ದಾಟಿದರೆ ಬಳೆ ದಾಟಿದ ಹಾಗೇ. ಒಡೆದರೆ ಅವಳ ನಷ್ಟ, ಕೈಗೇರಿದ ಮೇಲೆ ಒಡೆದರೆ ಕೊಂಡವರದು. ಡಜನ್ ತೊಡಿಸಿದ ಮೇಲೆ ಇನ್ನೊಂದು ಬಳೆ ಕೊಸರು. ಬೆಂಗಳೂರಿನಿಂದ ಬಂದ ಹುಡುಗಿಯೊಬ್ಬಳು ತೊಡಿಸಿಕೊಳ್ಳುವುದನ್ನು ಗೆಳತಿಯ ಕೈಲಿ ವಿಡಿಯೊ ಮಾಡಿಸುತ್ತಿದ್ದಳು. ಬಳೆಯವಳು ತಲೆ ಎತ್ತದೆ, "ಮುಖ ಬ್ಯಾಡ ಕಣವ್ವ, ಕೈ ಮಾತ್ರ ತಗೊ" ಎಂದಳು.

ಅದರಾಚೆ ಕಡ್ಲೆಪುರಿ ಗುಡ್ಡೆ. ಖಾರ, ಬೆಂಡು, ಬತ್ತಾಸು, ಸಕ್ಕರೆ ಅಚ್ಚು. ಪುರಿಯನ್ನು ಇನ್ನೂ ಸೇರಿನಲ್ಲೇ ಅಳೆಯುತ್ತಾರೆ. ಸೇರು ಶಿಖರವಾಗಿ ತುಂಬಿ, ಚೀಲಕ್ಕೆ ಸುರಿದು, ಮೇಲೊಂದು ಬೊಗಸೆ ಎಸೆದರೇ ಕೊಂಡವರಿಗೆ ತೃಪ್ತಿ. ಆ ಬೊಗಸೆ ಬೀಳದಿದ್ದರೆ ಚೀಲ ಅಲ್ಲೇ ಹಿಡಿದು ನಿಲ್ಲುತ್ತಾರೆ. ಕೊಂಚ ದೂರದಲ್ಲಿ ಪೀಪಿ, ಗಿರಗಿಟ್ಲೆ, ಕತ್ತಲಲ್ಲಿ ಮೇಲೆ ಹಾರಿಸಿದರೆ ನೀಲಿ ಬೆಳಕು ಚೆಲ್ಲುತ್ತ ಇಳಿಯುವ ಪ್ಲಾಸ್ಟಿಕ್ ಚಕ್ರ, ತಲೆಗೆ ಸಿಕ್ಕಿಸುವ ಮಿಣುಕು ಕೊಂಬು. ಈ ಕೊಂಬೇ ಡಿಸೆಂಬರಿನಲ್ಲಿ ಕ್ರಿಸ್‌ಮಸ್ ತಾತನ ಜಿಂಕೆ ಕೊಂಬೆಂದು ಮಾರಾಟವಾಗುವುದನ್ನೂ ನೋಡಿದ್ದೇನೆ.

ಸಂತೆಯ ಬಿಸಿಗೂ ಹೊಲಕ್ಕೂ ನಂಟಿದೆ. ಒಂದು ಕಾಲಕ್ಕೆ ಹಾಸನ, ಅರಕಲಗೂಡು, ಚನ್ನರಾಯಪಟ್ಟಣ ಕಡೆಯ ರೈತರ ಕೈಗೆ ಮುಂಗಾರಿನ ಆಲೂಗಡ್ಡೆ ದುಡ್ಡು ಬಂದು ಸೇರುತ್ತಿದ್ದ ಕಾಲವೇ ಇದು. ರಾಗಿ ಇನ್ನೂ ಕೊಯ್ಲಿಗೆ ಬಂದಿರುವುದಿಲ್ಲ, ಮಲೆನಾಡಂಚಿನ ತೋಟಗಳಲ್ಲಿ ಕಾಫಿ ಹಣ್ಣಾಗುವುದು ಆಮೇಲೆ. ಆಲೂಗಡ್ಡೆಯೊಂದೇ ಹಬ್ಬಕ್ಕೆ ಆಗುತ್ತಿತ್ತು. ಅಂಗಮಾರಿ ರೋಗ ಬಿದ್ದು ಬಿತ್ತನೆ ಇಳಿದ ಮೇಲೆ ಆ ಹೊಲಗಳಿಗೆ ಮೆಕ್ಕೆಜೋಳ, ಶುಂಠಿ ಬಂದವು. ಶುಂಠಿಗೆ ಬೆಲೆ ಬಂದ ವರ್ಷ ಜಾತ್ರೆಯಲ್ಲಿ ಅದು ಕಾಣುತ್ತದೆ ಎಂದು ಪಾತ್ರೆ ಅಂಗಡಿಯವರು ಹೇಳುತ್ತಾರೆ. ಈಗಂತೂ ಬೀದಿ ವ್ಯಾಪಾರಿ ನೆಚ್ಚಿರುವುದು ಸುತ್ತಲ ಹಳ್ಳಿಯವರನ್ನಲ್ಲ, ದೂರದವರನ್ನು.

ಈ ದೂರದವರು ಹೇಗೆ ಬಂದರು? 2017ರ ಮಾರ್ಚಿನಲ್ಲಿ ಹಾಸನ-ಬೆಂಗಳೂರು ನೇರ ರೈಲು ಮಾರ್ಗ ಶುರುವಾಯಿತು, ಚನ್ನರಾಯಪಟ್ಟಣ, ಶ್ರವಣಬೆಳಗೊಳದ ಮೇಲೆ. ಹೊಳೆನರಸೀಪುರದವರಿಗೆ ಮೈಸೂರು-ಅರಸೀಕೆರೆ ರೈಲು ಮೊದಲಿಂದಲೂ ಇತ್ತು. ಬೆಂಗಳೂರಿನ ಹೆದ್ದಾರಿ ನಾಲ್ಕು ಪಥವಾಯಿತು. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ ಆಯಿತು. ಇವೆಲ್ಲದರ ಮೇಲೆ ಮೊಬೈಲು, ವರ್ಷಕ್ಕೊಮ್ಮೆ ಮಾತ್ರ ತೆರೆಯುವ ಬಾಗಿಲು ಎಂಬ ಒಂದು ಸಾಲು ಸಾಕಾಯಿತು. ಕೋವಿಡ್ಡಿನ 2020ರಲ್ಲಿ ಸಾರ್ವಜನಿಕರಿಗೆ ದರ್ಶನವಿರಲಿಲ್ಲ, ಪರದೆಯ ಮೇಲೆ ದೇವಿಯನ್ನು ನೋಡಿದ್ದಾಯಿತು. ಮೂರು ವರ್ಷ ಕಳೆಯುವುದರೊಳಗೆ ಊರಲ್ಲಿ ಕಾಲಿಡಲು ಜಾಗವಿಲ್ಲ. ದೇವಸ್ಥಾನದ ಆದಾಯ 2024ರಲ್ಲಿ 12 ಕೋಟಿ ರೂಪಾಯಿ ದಾಟಿತು, 2025ರಲ್ಲಿ ಅದನ್ನೂ ಹಿಂದಿಕ್ಕಿತು.

ಈ ಹಣದಲ್ಲಿ ದೊಡ್ಡ ಪಾಲು 300 ರೂಪಾಯಿ, 1,000 ರೂಪಾಯಿ ಟಿಕೆಟಿನದು. ಟಿಕೆಟ್ ಇಲ್ಲದವರಿಗೆ ಧರ್ಮದರ್ಶನದ ಸಾಲು. ಇವೆರಡರ ಮೇಲೆ ಮೂರನೆಯ ಜಾತಿಯೊಂದಿದೆ, ಪಾಸಿನವರು. ಹಾಸನಾಂಬ ಪಾಸಿನ ಗದ್ದಲ ಗೊತ್ತಿಲ್ಲದವರು ಜಿಲ್ಲೆಯಲ್ಲಿ ಇಲ್ಲ. ಅಕ್ಟೋಬರ್ ಬಂತೆಂದರೆ ಇಲ್ಲಿ ಸರ್ಕಾರಿ ನೌಕರನ ಫೋನ್ ಸುಮ್ಮನಿರುವುದಿಲ್ಲ. ಹತ್ತು ವರ್ಷ ಮಾತಿಲ್ಲದ ಷಡ್ಡಕನೂ ಫೋನ್ ಮಾಡಿ, "ಏನಿಲ್ಲ ಭಾವ, ಸುಮ್ನೆ ಮಾತಾಡ್ಸೋಣ ಅಂತ" ಎನ್ನುತ್ತಾನೆ. 2025ರಲ್ಲಿ ಪಾಸಿಗೆ ಒಂದಿಷ್ಟು ಕಡಿವಾಣ ಬಿದ್ದು ಸಾಮಾನ್ಯ ಸಾಲು ಮುಂಚಿಗಿಂತ ಸರಾಗ ಹರಿಯಿತು ಎಂಬುದನ್ನು ನಿಂತವರೇ ಒಪ್ಪುತ್ತಾರೆ. ಹಾಗಂತ ಸಾಲೇನೂ ಗಿಡ್ಡವಾಗಲಿಲ್ಲ. ಊರಿನವರಂತೂ ಹಗಲು ಆ ಕಡೆ ತಲೆ ಹಾಕುವುದಿಲ್ಲ. ಮೊದಲ ಒಂದೆರಡು ದಿನದಲ್ಲಿ ಮುಗಿಸಿಕೊಳ್ಳಬೇಕು, ಇಲ್ಲವೇ ರಾತ್ರಿ ಎರಡು ಗಂಟೆಗೆ ಮಕ್ಕಳನ್ನು ಎಬ್ಬಿಸಿ, ಸ್ವೆಟರ್ ಹಾಕಿಸಿ ಹೊರಡಬೇಕು. ಹಾಸನದ ಚಳಿಯಲ್ಲಿ ಆ ಹೊತ್ತಿಗೆ ಸಾಲಿನಲ್ಲಿ ನಿಲ್ಲುವುದು ಅಷ್ಟು ಹಗುರದ ಭಕ್ತಿಯಲ್ಲ.

ಗರ್ಭಗುಡಿಯ ಮುಂದೆ ಸಿಗುವುದು ಒಂದೆರಡು ಕ್ಷಣ. "ನಡೀರಿ ನಡೀರಿ" ಎಂದು ದೂಡುವವರೆಗೆ ಕಣ್ಣು ತುಂಬ ನೋಡಿಕೊಂಡವರೇ ಪುಣ್ಯವಂತರು. ಈ ಒಂದೆರಡು ಕ್ಷಣಕ್ಕೂ ಮೂರು ದರ, ನಾಲ್ಕು ಬಾಗಿಲು. ಬೀದಿಗೆ ಬಂದರೆ ಅದ್ಯಾವುದೂ ಇಲ್ಲ. ಹಬ್ಬದ ಎರಡು ವಾರದಲ್ಲಿ ಹಾಸನದಲ್ಲಿ ಎಲ್ಲರಿಗೂ ಒಂದೇ ಸಮ ಸಿಗುವುದು ಬೀದಿಯ ದೀಪ ಮತ್ತು ಬೀದಿಯ ಸಂತೆ ಮಾತ್ರ. ಸಾವಿರ ಕೊಟ್ಟು ಬಂದವನೂ ಎನ್.ಆರ್. ವೃತ್ತದ ಕಮಾನಿನ ಕೆಳಗೆ ಧರ್ಮದರ್ಶನದವನ ಭುಜಕ್ಕೆ ಭುಜ ತಾಗಿಸಿಕೊಂಡೇ ನಡೆಯಬೇಕು. ಪೆನ್ಷನ್ ಮೊಹಲ್ಲಾದ ಸಾಬರ ಕುಟುಂಬಗಳು ಸಂಜೆ ದೀಪ ನೋಡಲು ಬರುತ್ತವೆ, ಅಲ್ಲಿಯ ಹುಡುಗರು ಬಳೆ, ಆಟಿಕೆ, ಹಣ್ಣಿನ ಅಂಗಡಿ ಇಡುತ್ತಾರೆ. ಬೇಲೂರಿನ ಚೆನ್ನಕೇಶವನ ತೇರಿನ ದಿನ ಮೌಲ್ವಿಗಳು ಕುರಾನ್ ಪಠಿಸುವ ಪದ್ಧತಿ ಉಳಿದುಬಂದಿರುವ ಜಿಲ್ಲೆಯಲ್ಲಿ ಇದು ವಿಶೇಷವೂ ಅಲ್ಲ.

ಆದ್ದರಿಂದಲೇ ಆಡಳಿತ ಸಂತೆಯನ್ನು ತಾಪತ್ರಯದ ಹಾಗೆ ನೋಡುವುದು ನನಗೆ ಸರಿ ಕಾಣುವುದಿಲ್ಲ. ದೀಪಾಲಂಕಾರಕ್ಕೆ, ಫಲಪುಷ್ಪ ಪ್ರದರ್ಶನಕ್ಕೆ, ಆಕಾಶದಿಂದ ಊರು ತೋರಿಸುವ ಹೆಲಿಕಾಪ್ಟರಿಗೆ ಯೋಜನೆ ಇರುತ್ತದೆ. ಬೀದಿ ವ್ಯಾಪಾರಿಯ ವಿಷಯಕ್ಕೆ ಬಂದರೆ ಪ್ರತಿವರ್ಷ ಅದೇ ಹಾಡು. ಈ ದಿನ ಇಲ್ಲಿ ಇಡು, ನಾಳೆ ಎತ್ತು, ನಾಡಿದ್ದು ಗಣ್ಯರು ಬರುತ್ತಾರೆ ಆ ಕಡೆ ಹೋಗು. ಎತ್ತಿ ಇಳಿಸುವುದರಲ್ಲಿ ಗಾಜಿನ ಬಳೆ ಎಷ್ಟು ಒಡೆಯುತ್ತದೆ ಎಂಬ ಲೆಕ್ಕ ಯಾವ ಕಡತದಲ್ಲೂ ಇಲ್ಲ. ಸ್ಟ್ರಾಸ್‌ಬರ್ಗಿನಂಥ ಊರುಗಳಲ್ಲಿ ಕ್ರಿಸ್‌ಮಸ್ ಸಂತೆಯ ಮರದ ಗೂಡಂಗಡಿಗಳಿಗೆ ಜಾಗ ಮೊದಲೇ ಗೊತ್ತು ಮಾಡಿರುತ್ತಾರೆ. ಅಲ್ಲಿಯೂ ಊರಿನವರು ಜನಜಂಗುಳಿಯ ಬಗ್ಗೆ ಗೊಣಗುವುದಿದೆ, ಆದರೆ ನಾಳೆ ನನ್ನ ಅಂಗಡಿ ಎಲ್ಲಿ ಎಂದು ವ್ಯಾಪಾರಿ ಕೇಳಬೇಕಾಗಿಲ್ಲ. ನಮ್ಮಲ್ಲಿ ಬಾಗಿಲು ತೆರೆಯುವ ಗುರುವಾರ ವರ್ಷದ ಮುಂಚೆಯೇ ಗೊತ್ತು. ಸುಣ್ಣದ ಗೆರೆ ಎಳೆದು, ನಂಬರು ಬರೆದು, ಕುಡಿಯುವ ನೀರು, ಹೆಂಗಸರಿಗೊಂದು ಶೌಚಾಲಯ ಮಾಡಿಕೊಡಲು ಹೆಲಿಕಾಪ್ಟರಿನಷ್ಟು ಖರ್ಚಾಗದು.

ಬಲಿಪಾಡ್ಯಮಿಯ ರಾತ್ರಿ ಗುಡಿಯ ಆವರಣದ ಸಿದ್ದೇಶ್ವರಸ್ವಾಮಿಯ ರಥೋತ್ಸವ, ಬೆಳಗಿನ ಜಾವಕ್ಕೆ ಕೆಂಡೋತ್ಸವ. ಅಷ್ಟು ಹೊತ್ತಿಗೆ ಹೊರಗಿನವರು ತೆಳುವಾಗಿರುತ್ತಾರೆ, ಊರು ಊರಿನ ಕೈಗೆ ವಾಪಸು ಬಂದಿರುತ್ತದೆ. ಮುಖ ಕಂಡು ಮಾತಾಡಿಸುವ ರಾತ್ರಿ ಅದು. ನನ್ನನ್ನು ಕೇಳಿದರೆ ಹಾಸನಾಂಬ ಜಾತ್ರೆ ನೋಡಬೇಕಾದ್ದು ಅವತ್ತೇ. ಹಳ್ಳಿಗಳಲ್ಲಿ ಅದೇ ಸಂಜೆ ಹಟ್ಟಿಹಬ್ಬ, ದನಗಳಿಗೆ ಹೂವು, ತಿಪ್ಪೆಯ ಮೇಲೂ ಒಂದು ಹಣತೆ. ಜಾತ್ರೆಗೆ ಬರಲಾಗದ ಹಳ್ಳಿಯ ದೀಪ ಅದು.

ಬಾಗಿಲು ಮುಚ್ಚಿದ ಮೇಲೆ ಸಂತೆ ಕರಗುತ್ತದೆ ಎನ್ನುವುದು ತಪ್ಪು, ಅದು ಬೇರೆ ಊರಿಗೆ ಹೊರಡುತ್ತದೆ. ಕಾರ್ತಿಕದ ದೀಪೋತ್ಸವಗಳು ಮುಗಿಯುತ್ತಿದ್ದಂತೆ ಮಾರ್ಗಶಿರದ ಷಷ್ಠಿಗೆ ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿ ದಡದ ಸುಬ್ರಹ್ಮಣ್ಯನ ತೇರು. ಆಮೇಲೆ ಸಂಕ್ರಾಂತಿಯ ಆಸುಪಾಸಿಗೆ ಚನ್ನರಾಯಪಟ್ಟಣ ತಾಲ್ಲೂಕಿನ ಬೂಕನಬೆಟ್ಟದಲ್ಲಿ ರಂಗನಾಥನ ಜಾತ್ರೆ, ದನಗಳ ಪರಿಷೆ. ಬೇಸಿಗೆಗೆ ಬೇಲೂರು. ಕಡ್ಲೆಪುರಿಯವನು, ಬಳೆಯವಳು, ತೊಟ್ಟಿಲಿನವರು ಈ ಹಾದಿಯಲ್ಲೇ ಸುತ್ತುತ್ತಾರೆ. ಸೀರಿಯಲ್ ಸೆಟ್ಟುಗಳೂ ಅಷ್ಟೆ. ಕಮಾನಿನಿಂದ ಬಿಚ್ಚಿ, ಕೈಗೆ ಮೊಳಕೈಗೆ ಸುತ್ತಿ, ಗೋಣಿಚೀಲಕ್ಕೆ ತುಂಬಿದವು ಷಷ್ಠಿಗೆ ಹೋಗಿ ಬಂದು ಡಿಸೆಂಬರಿನಲ್ಲಿ ಚರ್ಚಿನ ಗೋಪುರ ಏರುತ್ತವೆ. "ಸೆಟ್ಟಿಗೇನ್ ಸಾರ್ ಗೊತ್ತು, ಅಮ್ಮನೋ ಏಸುವೋ" ಎಂದು ಸಂತೆಪೇಟೆಯ ಹಳಬರು ನಕ್ಕರು. ಚರ್ಚಿನವರು ಬಾಡಿಗೆ ಚೌಕಾಸಿ ಮಾಡುವುದರಲ್ಲಿ ದೇವಸ್ಥಾನದವರಿಗಿಂತ ಏನೂ ಕಮ್ಮಿ ಇಲ್ಲವಂತೆ.

ಹಾಸನದ ಕ್ರೈಸ್ತರ ಹಬ್ಬ ಸದ್ದಿಲ್ಲದ್ದು. ಮನೆ ಮುಂದೆ ನಕ್ಷತ್ರ, ಒಳಗೆ ಹುಲ್ಲು ಹಾಸಿದ ಗೋದಲಿ, ನಡುರಾತ್ರಿಯ ಪೂಜೆ. ಜಿಲ್ಲೆಯ ಹೆಸರಾಂತ ಚರ್ಚಿಗೆ ದೀಪವೇ ಇಲ್ಲ. 1860ರ ಸುಮಾರಿಗೆ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಶೆಟ್ಟಿಹಳ್ಳಿಯ ರೋಸರಿ ಚರ್ಚು ಗೊರೂರಿನ ಹೇಮಾವತಿ ಜಲಾಶಯ ಬಂದ ಮೇಲೆ ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಏಳುತ್ತದೆ. ಊರು ಬಿಟ್ಟು ಬೇರೆ ಕಡೆ ನೆಲೆಸಿದವರು ಹೊಸ ಗುಡಿಯಲ್ಲಿ ಹಬ್ಬ ಮಾಡುತ್ತಾರೆ, ಹಳೆಯದರ ಗೋಡೆಗಳು ಒಂದೊಂದಾಗಿ ಕುಸಿಯುತ್ತಿವೆ. ರಜೆಗೆ ಬಂದ ಪ್ರವಾಸಿಗರು ಅದರ ಮುಂದೆ ಫೋಟೊ ಹೊಡೆಸಿಕೊಂಡು ಹೋಗುತ್ತಾರೆ.

ಕ್ರಿಸ್‌ಮಸ್ಸಿನಲ್ಲಿ ಹಾಸನಕ್ಕೆ ನಿಜವಾದ ಪಾಲಿರುವುದು ಬೇಕರಿಯಲ್ಲಿ. ಬೆಂಗಳೂರಿನ ಚಿಕ್ಕಪೇಟೆಯಲ್ಲಿ 1898ರಲ್ಲಿ ಬಿ.ಬಿ. ಬೇಕರಿ ತೆರೆದ ಎಚ್.ಎಸ್. ತಿರುಮಲಾಚಾರ್ ಹಾಸನದ ಕಡೆಯವರು. ಅಲ್ಲಿಂದ ಮುಂದೆ ಈ ಜಿಲ್ಲೆಯ ಅಯ್ಯಂಗಾರರು, ಅವರ ಹಿಂದೆ ಬೇರೆ ಬೇರೆ ಜಾತಿಯವರು, ರಾಜ್ಯದ ಉದ್ದಗಲಕ್ಕೂ ಅಯ್ಯಂಗಾರ್ ಬೇಕರಿಯ ಬೋರ್ಡು ತೂಗುಹಾಕಿದರು. ಇವತ್ತಿಗೂ ಬೆಂಗಳೂರಿನ ಯಾವುದೋ ಬಡಾವಣೆಯ ಬೇಕರಿಯಲ್ಲಿ ಆಲೂಬನ್ ಕೊಡುವ ಹುಡುಗನನ್ನು ಯಾವೂರಪ್ಪ ಎಂದರೆ ಹೊಳೆನರಸೀಪುರವೋ ಚನ್ನರಾಯಪಟ್ಟಣವೋ ಎಂಬ ಉತ್ತರಕ್ಕೆ ಅಚ್ಚರಿಪಡಬೇಕಾಗಿಲ್ಲ. ಹಾಸನಾಂಬ ಬಾಗಿಲು ತೆರೆದಾಗ ಇವರು ಸರದಿಯ ಮೇಲೆ ಊರಿಗೆ ಬಂದು ಹೋಗುತ್ತಾರೆ, ಒಬ್ಬ ಬಂದರೆ ಇನ್ನೊಬ್ಬ ಅಂಗಡಿ ನೋಡಿಕೊಳ್ಳಬೇಕು. ಡಿಸೆಂಬರಿನಲ್ಲಿ ಮಾತ್ರ ಯಾರಿಗೂ ರಜೆ ಇಲ್ಲ. ಮೊಟ್ಟೆ ಹಾಕದ ಪ್ಲಮ್ ಕೇಕ್ ಮೇಲಿಂದ ಮೇಲೆ ಬೇಯಿಸಬೇಕು, ಮರದ ಆಕಾರದ ಕೇಕಿಗೆ ಹಸಿರು ಕ್ರೀಮ್ ಹಿಂಡಬೇಕು. ಮೊನ್ನೆ ಅಂಥ ಒಬ್ಬ ಹುಡುಗ, ನಮ್ಮೂರಿನ ಪಕ್ಕದವನು, ಫೋನಿನಲ್ಲಿ ಸಿಕ್ಕಿದ್ದ. ಹಬ್ಬಕ್ಕೆ ಬಂದಿದ್ದೆಯಾ ಎಂದೆ. "ಎರಡು ದಿನ ಬಂದಿದ್ದೆ ಅಣ್ಣ, ಸಾಲಲ್ಲಿ ನಿಲ್ಲಕ್ಕೆ ಆಗ್ಲಿಲ್ಲ. ಲೈಟಿಂಗ್ ನೋಡ್ಕಂಡು, ಅವ್ವನಿಗೆ ಬಳೆ ತೊಡಿಸ್ಕಂಡು, ಪುರಿ ತಗಂಡು ವಾಪಸ್ ಹೊಂಟೆ" ಎಂದ. ಆಮೇಲೆ ಓವನ್ನಿನ ಗಂಟೆ ಹೊಡೆಯಿತೋ ಏನೋ, ಮತ್ತೆ ಮಾಡ್ತೀನಿ ಎಂದು ಇಟ್ಟುಬಿಟ್ಟ.